ಪ್ಲಾಸ್ಟಿಕ್ ಹೊದ್ದ ಯಂತ್ರ

ನಮ್ಮ ಐಟಿಐಗೆ ಕಬ್ಬಿಣ ಕಡೆಯುವ ಕಂಪ್ಯೂಟರ್ ಲೇತ್ ಬಂದ ದಿನ ಅದರ ಮುಂದೆ ರಂಗೋಲಿ ಹಾಕಿದವಳು ನಾನು. ಟರ್ನರ್ ವಿಭಾಗದಲ್ಲಿ ನಾನೊಬ್ಬಳೇ ಹುಡುಗಿ. ಲೇತ್ ಮುಂದೆ ನಿಂತರೆ ಮೇಷ್ಟ್ರ ಕಣ್ಣಿಗೆ ನಾನು ಬೀಳುತ್ತಿರಲಿಲ್ಲ, ರಂಗೋಲಿ ಎಂದರೆ ತಟ್ಟನೆ ಬೀಳುತ್ತಿದ್ದೆ. ಅದು ತೊಂಬತ್ತರ ದಶಕದ ಕೊನೆ. ಚಿತ್ರದುರ್ಗದ ಹೊರಗಿದ್ದ ಆ ಸಣ್ಣ ಖಾಸಗಿ ಸಂಸ್ಥೆ ಈಗಿಲ್ಲ.

ಹೊಸದುರ್ಗದಿಂದ ನನ್ನನ್ನು ಕರೆತಂದು ಅಲ್ಲಿಗೆ ಸೇರಿಸಿದವರು ನನ್ನ ಸೋದರಮಾವ. ಐಮಂಗಲದಲ್ಲಿ ಹೆದ್ದಾರಿ ಪಕ್ಕ ಅವರದೊಂದು ಲೇತ್ ಅಂಗಡಿ ಇತ್ತು. "ಕೈಯಾಗೆ ತಿರುಗ್ಸೋ ಕಾಲ ಮುಗೀತು ಕಣವ್ವ. ಕಂಪ್ಯೂಟರ್ ಲೇತ್ ಕಲ್ತ್ಕ, ದೊಡ್ಡ ಕಾರ್ಖಾನೇಲಿ ಕೆಲ್ಸ ಸಿಗ್ತೈತೆ," ಎಂದಿದ್ದರು. ಆ ಕೆಲಸ ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ.

ಯಂತ್ರಕ್ಕೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಮಂಗಳಾರತಿ ಎತ್ತಿದೆವು. ಮೇಷ್ಟ್ರು ಕೂಡಲೇ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರು.

"ಸಾರ್, ಒಂದ್ಸಲ ಚಾಲೂ ಮಾಡ್ರಿ," ಎಂದು ಗೋಗರೆದೆವು.

"ಕೆಟ್ರೆ ಯಾರಮ್ಮ ಜವಾಬ್ದಾರಿ?"

ದೇವರು ಕೊಟ್ಟರೂ ಪೂಜಾರಿ ಕೊಡ. ಮೇಷ್ಟ್ರಿಗೂ ಅದನ್ನು ಓಡಿಸಲು ಯಾರೂ ಕಲಿಸಿರಲಿಲ್ಲ, ಪಾಪ. ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ಕಪ್ಪುಹಲಗೆಯ ಮೇಲೆ ಬರೆದರು, ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದೆವು. ಶುಕ್ರವಾರ ಬಂದರೆ ನಾನು ಪ್ಲಾಸ್ಟಿಕ್ ಮೇಲೇ ಕುಂಕುಮವಿಟ್ಟು, ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದೆ. ಪರೀಕ್ಷೆಯಲ್ಲಿ ಮೊದಲ ದರ್ಜೆಯೂ ಬಂತು!

ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಜೊತೆಗೆ ಬಂದು ಗೇಟಿನ ಹೊರಗೆ ಕಾದರು. ಕೇಳಿದ ಆಜ್ಞೆಗಳನ್ನೆಲ್ಲ ಗಡಗಡ ಹೇಳಿದೆ. ಸಾಹೇಬರಿಗೆ ಖುಷಿಯಾಗಿ ಒಳಗೆ ಯಂತ್ರದ ಬಳಿ ಕರೆದೊಯ್ದರು. "ಎಲ್ಲಿ, ಚಾಲೂ ಮಾಡಿ ತೋರಿಸಮ್ಮ," ಎಂದರು.

ನಾನು ಚಪ್ಪಲಿ ಬಿಟ್ಟೆ. ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಲ್ಲಿ ಬರಿಗಾಲಲ್ಲಿ ನಿಲ್ಲುವುದೇ ಅಪರಾಧ ಎಂದು ನನಗೆ ಗೊತ್ತಿರಲಿಲ್ಲ. ಸುತ್ತಲಿದ್ದವರು ನಕ್ಕರು. ಆಮೇಲೆ ಎಷ್ಟು ಹುಡುಕಿದರೂ ಸ್ವಿಚ್ ಎಲ್ಲಿದೆಯೆಂದು ತಿಳಿಯಲಿಲ್ಲ.

"ಇದನ್ನ ಯಾವತ್ತಾದರೂ ಓಡಿಸಿದೀಯೇನಮ್ಮ?"

"ಪೂಜೆ ಮಾಡೀನಿ ಸಾರ್."

ಮರಳುವ ಬಸ್ಸಿನಲ್ಲಿ ಮಾವ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಹಿರಿಯೂರು ದಾಟಿದ ಮೇಲೆ, "ನಮ್ಮಂಗಡಿ ಐತಲ್ಲ ಬಿಡವ್ವ," ಎಂದರು. ಮರುದಿನದಿಂದ ಅವರ ಹಳೇ ಲೇತಿನಲ್ಲಿ ಬೋರ್‌ವೆಲ್ ಪೈಪುಗಳಿಗೆ ತಿರುಪಿನ ಮರೆ ಹಾಕತೊಡಗಿದೆ.

ಕೆಲವು ವರ್ಷಗಳಾದ ಮೇಲೆ ಸಂಸ್ಥೆ ಮುಚ್ಚಿತು. ಆ ಯಂತ್ರವನ್ನು ಗುಜರಿಗೆ ಹಾಕಿದರು. ಮೋಟಾರಿನ ಆಸೆಗೆ ಮಾವನೇ ಅದನ್ನು ಕೊಂಡು ತಂದರು. ಒಳಗಿನ ವೈರುಗಳನ್ನು ಇಲಿಗಳು ಕಡಿದು ಹಾಕಿದ್ದವು. ಪ್ಲಾಸ್ಟಿಕ್ಕಿನ ಮೇಲೆ ನನ್ನ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಸ್ಪ್ಯಾನರ್ ಹಿಡಿದು ಹತ್ತಿರ ಹೋದಾಗ ನನಗರಿವಿಲ್ಲದೆ ಚಪ್ಪಲಿ ಬಿಟ್ಟಿದ್ದೆ.

"ಹಾಕ್ಕಳವ್ವ, ಕಬ್ಣದ ಚೂರವೆ, ಚುಚ್ತಾವೆ," ಎಂದರು ಮಾವ.

ಹಾಕಿಕೊಂಡೆ. ಅಂದೇ ಮೊದಲ ಸಲ ಅದರ ಬಾಗಿಲು ಸರಿಸಿ, ಒಂದೊಂದೇ ಬೋಲ್ಟ್ ಬಿಚ್ಚತೊಡಗಿದೆ.