ಸತ್ತ ಸುಣ್ಣ

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಇದರಲ್ಲಿ ಲಕ್ಷ್ಮಿಯೂ ಇಲ್ಲ, ದೃಷ್ಟಿಯೂ ಇಲ್ಲ. ಸುಣ್ಣ ಕ್ಷಾರ, ಕ್ಷಾರ ಸೋಕಿದರೆ ಅರಿಶಿನ ಬಣ್ಣ ಬದಲಿಸುತ್ತದೆ, ಅಷ್ಟೆ. ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ಈ ಮಾತು ಹೇಳಿ ನಾನು ಚಪ್ಪಾಳೆ ಗಿಟ್ಟಿಸಿದ್ದೇನೆ. ಸುಳ್ಳೆಂದು ಯಾರಾದರೂ ಹೇಳಿದರೆ ಈಗಲೂ ವಾದಕ್ಕೆ ನಿಲ್ಲುತ್ತೇನೆ. ಆ ಮಾತು ನಿಜವಾದ ದಿನವನ್ನು ನೆನೆದರೆ ಮಾತ್ರ ಮುಖ ಎತ್ತಲಾಗುವುದಿಲ್ಲ.

ಹೋದ ವರ್ಷ ಅಣ್ಣನ ಮದುವೆ ಕೆ.ಆರ್. ನಗರದ ಛತ್ರದಲ್ಲಿ ಮುಗಿಯಿತು. ಅಲ್ಲಿಂದ ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಬಂದು ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಅಣ್ಣ, ಅತ್ತಿಗೆ ಹೊಸ್ತಿಲಾಚೆ ಬಿಸಿಲಲ್ಲಿ ನಿಂತಿದ್ದರು. ನಮ್ಮ ಮನೆಯಲ್ಲಿ ಆರತಿ ನೀರಿಗೆ ಸುಣ್ಣ ಅಜ್ಜಿಯ ಎಲೆಅಡಿಕೆ ಚೀಲದಿಂದಲೇ ಬರಬೇಕು. ತಾತ ಇನ್ನೂ ಗಟ್ಟಿಯಾಗಿದ್ದಾರೆ, ಹಿರೀ ಮುತ್ತೈದೆಯ ಕೈಯದು ಎಂಬ ನಂಬಿಕೆ. ಅಜ್ಜಿ ಡಬ್ಬಿಯಿಂದ ಸುಣ್ಣ ಕೆರೆದು ತಟ್ಟೆಯ ಅರಿಶಿನ ನೀರಿಗೆ ಹಾಕಿ, ಬೆರಳಲ್ಲಿ ಕದಡಿದಳು. ನೀರು ಹಳದಿಯಾಗಿಯೇ ಉಳಿಯಿತು. ಇನ್ನಷ್ಟು ಹಾಕಿದಳು. ಮಾಸಲು ಹಳದಿ.

ನನ್ನ ಸೋದರತ್ತೆ ಅಮ್ಮನ ಕಡೆ ತಿರುಗಿ, ಈ ಮನೆಯಲ್ಲಿ ಯಾವತ್ತೂ ಹೀಗಾಗಿರಲಿಲ್ಲ ಎಂದರು. ಹಿಂದಿನಿಂದ ಯಾರೋ ಕಾಲ್ಗುಣದ ಮಾತು ತೆಗೆದರು. ಅತ್ತಿಗೆಗೆ ಅದು ಕೇಳಿಸಿತು. ಆ ಮಾತು ಹೊಸ್ತಿಲು ದಾಟಿ ಒಳಗೆ ಬಂದರೆ ಜೀವಮಾನವಿಡೀ ಅವಳ ಮೇಲೆಯೇ ಕೂರುತ್ತದೆ. ನಾಳೆ ಗಬ್ಬದ ಹಸು ಕಂದು ಹಾಕಿದರೂ ಅವಳೇ, ಹೊಗೆಸೊಪ್ಪಿಗೆ ರೇಟು ಸಿಗದಿದ್ದರೂ ಅವಳೇ.

ನಾನು ಸುಮ್ಮನಿರುವವಳಲ್ಲ. ಅಣ್ಣನ ಕೈಯ ಚೂರಿಯ ತುದಿಯಲ್ಲಿದ್ದ ನಿಂಬೆಹಣ್ಣನ್ನು ಕಿತ್ತುಕೊಂಡು, ಕೊಯ್ದು, ಸುಣ್ಣದ ಡಬ್ಬಿಗೆ ಹಿಂಡಿದೆ. ಬುಸುಬುಸು ನೊರೆ ಬಂತು. ಒಳ್ಳೆಯ ಸುಣ್ಣಕ್ಕೆ ಹುಳಿ ಬಿದ್ದರೆ ನೊರೆ ಬರುವುದಿಲ್ಲ ಎಂದೆ. ನೀರು ಬಿಡದೆ, ಮುಚ್ಚಳ ಮುಚ್ಚದೆ ಇಟ್ಟರೆ ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ, ನೋಡಲು ಬೆಳ್ಳಗೇ ಇರುತ್ತದೆ, ಆದರೆ ಅದು ಸುಣ್ಣವಲ್ಲ ಎಂದೆ. ವೇದಿಕೆಯ ಮೇಲೆ ನಿಂತ ಹಾಗೇ ಬೆರಳೆತ್ತಿ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು, ಅತ್ತೆಯೊಬ್ಬರನ್ನು ಬಿಟ್ಟು.

"ಅವ್ವ ದಿನಾ ಹಾಕ್ಕೊಳ್ಳದು ಇದೇ ಸುಣ್ಣ ಅಲ್ವೇನೇ? ಸತ್ತೋಗಿದ್ರೆ ಅವ್ವುಂಗೆ ಗೊತ್ತಾಗ್ತಿರ್ಲಿಲ್ವಾ?"

ಒಳ್ಳೆಯ ಪ್ರಶ್ನೆ. ಎದುರಾಳಿ ತಾನಾಗಿಯೇ ಪುರಾವೆ ತಂದುಕೊಟ್ಟರೆ ಆಗುವ ಖುಷಿ ಚರ್ಚೆ ಮಾಡಿದವರಿಗೆ ಗೊತ್ತು. ಎಲೆ, ಅಡಿಕೆ ಕೆಂಪಾಗುವುದೂ ಸುಣ್ಣದಿಂದಲೇ. ಚಿಕ್ಕವರಿದ್ದಾಗ ಅಜ್ಜಿ ಕುಟ್ಟಿದ ಎಲೆಅಡಿಕೆ ಚಿಟಿಕೆಯಷ್ಟು ತಿಂದು, ಯಾರ ನಾಲಿಗೆ ಕೆಂಪು ಎಂದು ಸಾಲಾಗಿ ನಿಂತು ತೋರಿಸುತ್ತಿದ್ದೆವು. ಗೆಲ್ಲುತ್ತಿದ್ದುದು ಯಾವಾಗಲೂ ಅಜ್ಜಿ.

"ಅಜ್ಜಿ, ನಾಲ್ಗೆ ಚಾಚು."

ಅಜ್ಜಿ ನನ್ನ ಮುಖ ನೋಡಿದಳು. ಅದು ಬೇಡ ಎನ್ನುವ ನೋಟ. ಅರ್ಥವಾಗದವಳಂತೆ ನಾನು ಇನ್ನೊಮ್ಮೆ ಹೇಳಿದೆ. ಅಷ್ಟು ಜನರ ಮುಂದೆ ಅವಳು ನಾಲಿಗೆ ಚಾಚಿದಳು. ಕೆಂಪಿನ ಸುಳಿವೇ ಇಲ್ಲ, ಕಂದು ಬಣ್ಣದ ನಾರು ಮೆತ್ತಿದ ಒಣ ನಾಲಿಗೆ.

"ಇಷ್ಟ್ ದಿನ ಹುಲ್ಲು ಮೇಯ್ತಿದ್ದೇನಜ್ಜಿ?" ಎಂದಿತು ಒಂದು ದನಿ. ಅಂಗಳವೆಲ್ಲ ನಕ್ಕಿತು. ಹೊಸ್ತಿಲಾಚೆ ನಿಂತಿದ್ದ ಅತ್ತಿಗೆಯೂ ನಕ್ಕಳು. ಪಕ್ಕದ ಮನೆಯಿಂದ ಸುಣ್ಣ ಬಂತು, ನೀರು ರಕ್ತಗೆಂಪಾಯಿತು, ಅತ್ತಿಗೆ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ಅಣ್ಣ ನನ್ನತ್ತ ಕಣ್ಣು ಹೊಡೆದ. ಆ ಗದ್ದಲದಲ್ಲಿ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿದದ್ದನ್ನು ಕಂಡವಳು ನಾನೊಬ್ಬಳೇ ಇರಬೇಕು. ಕಂಡೂ ನಾನು ಚಪ್ಪಾಳೆಗೆ ಕಾಯುತ್ತಿದ್ದೆ.

ಸಂಜೆ ಹಿತ್ತಿಲಲ್ಲಿ ಪಾತ್ರೆ ಗಲಬರಿಸುತ್ತಿದ್ದ ಅವಳ ಪಕ್ಕ ಕುಳಿತೆ. ಸುಣ್ಣಕ್ಕೆ ನೀರು ಬಿಡುವುದು ಮರೆತಿದ್ದೆಯಾ ಎಂದು ಕೇಳಿದೆ. ಆಗಲೂ ನನಗೆ ಬೇಕಿದ್ದುದು ಕಾರಣವೇ.

"ಬ್ಯಾಸ್ಗೆಯಿಂದ್ಲೂ ನಾಲ್ಗೆಗೆ ಏನೂ ಗೊತ್ತಾಗಕಿಲ್ಲ ಕಣ್ ಮಗ. ಉಪ್ಪೂ ಇಲ್ಲ, ಕಾರಾನೂ ಇಲ್ಲ. ಉಗುಳು ಕೆಂಪಾಗ್ದೆ ಇದ್ದುದ್ದ ಕಂಡಿದ್ದೆ. ನನ್ ಬಾಯೇ ಸತ್ತೋಯ್ತು ಅನ್ಕಂಡೆ, ಸುಣ್ಣ ಅಂತ ಅನ್ಕಳ್ನಿಲ್ಲ." ಪಾತ್ರೆಯ ನೀರು ಚೆಲ್ಲಿ ಅಂದಳು: "ಹೇಳ್ಬುಟ್ರೆ ಒಲೆ ಮುಂದಿಂದ ಎಬ್ಬುಸ್ಬುಡ್ತಾರೆ ಅಂತ ಸುಮ್ಕಿದ್ದೆ."

ಆಗಲೇ ತಡವಾಗಿತ್ತು. ಈಚೆಗೆ ಅಜ್ಜಿ ಮಾಡುವ ಸಾರಿಗೆ ಉಪ್ಪು ಏಕೆ ಹೆಚ್ಚುಕಡಿಮೆ ಆಗುತ್ತಿತ್ತೆಂಬುದು ಅತ್ತೆಗೆ ಆ ನಾಲಿಗೆ ನೋಡಿಯೇ ಹೊಳೆದಿತ್ತು. ಮಾರನೆಯ ದಿನದಿಂದ ಸಾರಿಗೆ ಉಪ್ಪು ಹಾಕುವವಳು ಅಮ್ಮ. ಯಾರೂ ಅಜ್ಜಿಯನ್ನು ಬೈಯಲಿಲ್ಲ. ಕೂತ್ಕೊ, ಸಾಕು ಮಾಡಿದ್ದು ಎಂದರು. ಹೊಸ ಸೊಸೆಯ ಹೆಸರು ಉಳಿಯಿತು, ನಿಜ. ಆದರೆ ನಿಂಬೆಹಣ್ಣಿನ ನೊರೆಯಿಂದಲೇ ಅದು ಉಳಿದಿತ್ತು. ನಾಲಿಗೆ ಬೇಕಾಗಿದ್ದುದು ನನಗೆ, ಅತ್ತೆಯ ಬಾಯಿ ಮುಚ್ಚಿಸಲು.

ಹುಣಸೂರಿನ ಅಂಗಡಿಯಿಂದ ಹೊಸ ಸುಣ್ಣ ತಂದುಕೊಟ್ಟೆ, ಮೇಲೆ ನೀರು ನಿಲ್ಲಿಸಿ. ಅಜ್ಜಿ ಬೇಡವೆನ್ನಲಿಲ್ಲ. ಈಗ ನಾನು ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕೂತಿರುವ ಅವಳು, ಊಟ ಆಯ್ತಾ ಎಂದು ಕೇಳುವ ಮೊದಲೇ ನಾಲಿಗೆ ಚಾಚಿ ತೋರಿಸುತ್ತಾಳೆ. ಚೆನ್ನಾಗಿ ಕೆಂಪಾಗಿರುತ್ತದೆ. ನಾನು ಬಗ್ಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಚಪ್ಪಲಿ ಬಿಚ್ಚುತ್ತಿರುತ್ತೇನೆ.