ಎದುರು ದಡದ ಹೆಸರುಗಳು

ನೆಲ್ಸ್ ಹೌಗೆನ್ ವಾರವೆಲ್ಲ ಟೊರ್ವಿಕ್ ಊರಿನವರ ತಲೆಗೂದಲು ಕತ್ತರಿಸುತ್ತಿದ್ದ. ಎಲೆ ಉದುರುವ ಕಾಲದ ಶನಿವಾರಗಳಲ್ಲಿ ಮಾತ್ರ ಅವನೇ ಊರಿಗೆ ದೊರೆ. ಟೊರ್ವಿಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ನೆತ್ತಿಯ ಮೇಲೊಂದು ಮರದ ಗೂಡು, ಅದರೊಳಗೆ ಮೈಕು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದವನು ಯಾರು, ಅವನ ಮೇಲೆ ಬಿದ್ದು ಕೆಡವಿದವನು ಯಾರು ಎಂದು ಅಲ್ಲಿಂದ ಸಾರುವವನು ಅವನು. ತಾಯಿಯಿಲ್ಲದ ಮಗಳು ಆರ್ಡಿಸ್ ಚಿಕ್ಕಂದಿನಿಂದಲೂ ಪಕ್ಕದಲ್ಲೇ. ದುರ್ಬೀನಿನಲ್ಲಿ ನೋಡಿ, ಹಲಗೆಯ ಮೇಲೆ ಅಂಟಿಸಿದ ಹೆಸರುಗಳಲ್ಲಿ ಒಂದರ ಮೇಲೆ ಬೆರಳಿಡುವುದು ಅವಳ ಕೆಲಸ. ಬೆರಳು ನೋಡಿ ಅಪ್ಪ ಕೂಗುತ್ತಿದ್ದ.

ನದಿಯಾಚೆಯ ಸೇಂಟ್ ಫ್ಲೋರಿಯನ್ ಕಾಲೇಜಿನವರು ಬಂದ ದಿನ ಮಾತ್ರ ಆ ಕೂಗಿನ ವರಸೆಯೇ ಬೇರೆ.

ಮಿಸಿಸಿಪ್ಪಿಯ ಈಚೆ ದಡದಲ್ಲಿ ನಾರ್ವೆಯಿಂದ ಬಂದ ಲೂಥರನರು, ಆಚೆ ದಡದಲ್ಲಿ ಪೋಲೆಂಡಿನಿಂದ ಬಂದ ಕ್ಯಾಥೊಲಿಕರು. ನೆಲ್ಸ್ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಎರಡು ಕಾಲೇಜುಗಳ ಪಂದ್ಯವೊಂದು ಹಿಮಗಾಳಿಗೆ ಸಿಕ್ಕಿ ಅರ್ಧಕ್ಕೇ ನಿಂತಿತ್ತು. ಸೇತುವೆ ಮುಚ್ಚಿತು. ಎರಡೂ ತಂಡದವರು ರೈತನೊಬ್ಬನ ದನದ ಕೊಟ್ಟಿಗೆ ಹೊಕ್ಕು, ಒಂದೇ ಕ್ಯಾನಿನ ಹಾಲು ಕುಡಿದು ರಾತ್ರಿ ಕಳೆದರು. ಬೆಳಗಾದದ್ದೇ ಆ ಕ್ಯಾನು ಯಾರಿಗೆ ಎಂದು ಹೊಡೆದಾಡಿದರು. ಅಂದಿನಿಂದ ಗೆದ್ದವರಿಗೆ ಹಾಲಿನ ಕ್ಯಾನು. ಟೊರ್ವಿಕ್ ಗೆದ್ದರೆ ಅದಕ್ಕೆ ನೀಲಿ ಬಣ್ಣ, ಫ್ಲೋರಿಯನ್ ಗೆದ್ದರೆ ಕೆಂಪು. ಪದರದ ಮೇಲೆ ಪದರ ಬಿದ್ದು ಮುಚ್ಚಳ ಕೂರುವುದೇ ನಿಂತುಹೋಗಿತ್ತು. ಒಮ್ಮೆ ಟೊರ್ವಿಕ್ ಹುಡುಗರು ಅದನ್ನು ಕದ್ದು ಬಾವಿಗಿಳಿಸಿದ್ದರು. ಮರುವರ್ಷ ಆಚೆಯವರು ನೀಲಿ ಅಂಗಿ ತೊಡಿಸಿದ ಹಂದಿಯನ್ನು ಇವರ ಚರ್ಚಿನೊಳಗೆ ಬಿಟ್ಟರು, ಅದೂ ಪ್ರಾರ್ಥನೆಯ ನಡುವೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆಡಲು ಹುಡುಗರೇ ಇರಲಿಲ್ಲ, ಕ್ಯಾನು ಧೂಳು ತಿಂದಿತು. ಹುಡುಗರು ಮರಳಿದ ಮೇಲೆ ಜಗಳವೂ ಮರಳಿತು.

ಮೈಕಿನವರದೂ ಒಂದು ಜಗಳವಿತ್ತು. ಆಚೆಯ ಮೈದಾನದಲ್ಲಿ ಮೈಕು ಹಿಡಿಯುತ್ತಿದ್ದವನು ಕಸಾಯಿ ಅಲೋಯ್ಸ್. ಅವನ ಬಾಯಲ್ಲಿ ಟೊರ್ವಿಕ್‌ನ ಹನ್ನೊಂದು ಹುಡುಗರಿಗೂ ಒಂದೇ ಹೆಸರು, ನಾರ್ವೆಯವರಲ್ಲಿ ಮನೆಗೊಬ್ಬನಿರುವ ಓಲೆ. ‘ಓಲೆ ಓಡಿದ, ಓಲೆಗೆ ಕೊಟ್ಟ, ಒಣಮೀನು ತಿಂದ ಓಲೆ ಬಿದ್ದ.’ ನೆಲ್ಸ್ ಬಿಡುವವನಲ್ಲ. ಪೋಲಿಷ್ ಹೆಸರುಗಳನ್ನು ಕುಯ್ದು, ಹಿಸುಕಿ, ಸೀನಿದಂತೆ ಹೇಳಿ ಜನರನ್ನು ನಗಿಸುತ್ತಿದ್ದ. ಲೆನರ್ಡ್ ಪ್ಶಿಬಿಲ್ಸ್ಕಿ ಎಂಬ ಓಟಗಾರನ ಹೆಸರನ್ನಂತೂ ಹೇಳುತ್ತಲೇ ಇರಲಿಲ್ಲ. ‘ಚೆಂಡು ಈಗ ಅಕ್ಷರಮಾಲೆಯ ಕೈಯಲ್ಲಿ’ ಎನ್ನುತ್ತಿದ್ದ. ಮೈದಾನ ಹೋ ಎನ್ನುತ್ತಿತ್ತು. ಆ ಲೆನರ್ಡ್ ಕೂಡ ನಗುವವನೇ. ಎದ್ದು ಮೈಮೇಲಿನ ಮಣ್ಣು ಕೊಡವಿ, ಗೂಡಿನ ಕಡೆ ತಿರುಗಿ ಒಂದು ಸಲಾಮು ಹೊಡೆಯುತ್ತಿದ್ದ. ಆರ್ಡಿಸ್ ದುರ್ಬೀನಿನಲ್ಲಿ ಆ ನಗು ನೋಡಿದ್ದಳು.

ಸಾವಿರದ ಒಂಬೈನೂರ ಅರವತ್ತೊಂಬತ್ತರ ಬೇಸಿಗೆಯಲ್ಲಿ ನೆಲ್ಸ್‌ನ ಗಂಟಲಿನಲ್ಲಿ ಗಡ್ಡೆ ಕಂಡಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಅಂಗಡಿಯಲ್ಲಿ ಅವನ ಕತ್ತರಿಯ ಸದ್ದೊಂದೇ ಉಳಿಯಿತು. ಹೇಳುವುದೇನಿದ್ದರೂ ಸ್ಲೇಟಿನ ಮೇಲೆ. ಮೈಕಿಗೆ ಯಾರು ಎಂದು ಕಾಲೇಜಿನವರು ಕೇಳಿದಾಗ ಅವನು ಬರೆದದ್ದು ಒಂದೇ ಪದ: ‘ಆರ್ಡಿಸ್.’

ಆರ್ಡಿಸ್‌ಗೆ ಆಗ ಇಪ್ಪತ್ತಮೂರು, ಟೆಲಿಫೋನ್ ಕಚೇರಿಯಲ್ಲಿ ಕೆಲಸ. ಹೆಣ್ಣುಧ್ವನಿಯಲ್ಲಿ ಫುಟ್‌ಬಾಲೇ ಎಂದು ಕೆಲವರು ಮೂಗು ಮುರಿದರು. ಎರಡು ಪಂದ್ಯ ಕಳೆಯುವಷ್ಟರಲ್ಲಿ ಗೊಣಗುವುದೂ ಬೇಸರವಾಗಿ ಸುಮ್ಮನಾದರು. ಹಾಲಿನ ಕ್ಯಾನಿನ ಪಂದ್ಯ ಹತ್ತಿರ ಬಂದಾಗ ಕಾಲೇಜಿನ ಅಧ್ಯಕ್ಷರು ಅವಳನ್ನು ಕರೆಸಿ, ವಿಯೆಟ್ನಾಮಿನಲ್ಲಿ ತೀರಿಕೊಂಡ ಎರಡೂ ಕಾಲೇಜಿನ ಹುಡುಗರ ಹೆಸರು ಆಟಕ್ಕೆ ಮೊದಲು ಓದಬೇಕೆಂದರು. ಟೊರ್ವಿಕ್‌ನವರು ಇಬ್ಬರು. ಫ್ಲೋರಿಯನ್‌ನವನು ಒಬ್ಬ: ಲೆನರ್ಡ್ ಪ್ಶಿಬಿಲ್ಸ್ಕಿ.

ಆ ಹೆಸರನ್ನು ಎಷ್ಟೋ ಸಲ ಬೆರಳಿಟ್ಟು ತೋರಿಸಿದವಳು ಅವಳು. ಹೇಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ಸಂಜೆ ಅಪ್ಪನ ಕಾರು ತೆಗೆದುಕೊಂಡು ಸೇತುವೆ ದಾಟಿದಳು. ಬಾಗಿಲು ತೆರೆದವಳು ಲೆನರ್ಡ್‌ನ ತಾಯಿ, ಹೆಸರು ಸ್ಟೆಫಾನಿಯ; ದಪ್ಪ ಸ್ವೆಟರಿನ ಗಿಡ್ಡ ಹೆಂಗಸು, ಕೈತುಂಬ ಹಿಟ್ಟು.

‘ಅಮ್ಮಾ, ನಿಮ್ಮನ್ನ ಮನೆತನದ ಹೆಸರು ಹಿಡಿದು ಕರೆಯೋಕೂ ನನಗೆ ಬರಲ್ಲ. ಅದನ್ನ ಕಲಿಯೋಕೇ ಬಂದೆ. ನಾನು ಟೊರ್ವಿಕ್‌ನ ಮೈಕಿನವಳು.’

ಸ್ಟೆಫಾನಿಯ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ‘ಆ ಕ್ಷೌರಿಕನ ಮಗಳಾ?’

‘ಹೌದು.’

‘ಚಳಿ ಒಳಗೆ ಬರ್ತಿದೆ. ಬಾ, ಬಾಗಿಲು ಹಾಕು.’

ಅಡುಗೆಮನೆಯ ಮೇಜಿನ ಮೇಲೆ ಕಾಫಿಯೂ ಗಸಗಸೆಯ ರೊಟ್ಟಿಯೂ ಬಂದವು. ಕೈಯ ಹಿಟ್ಟು ಒರೆಸಿಕೊಂಡು ಆಕೆ ಎದುರು ಕೂತಳು. ಆಮೇಲೆ ಹೇಳಿದಳು: ‘ಅವನು ಮನೆಗೆ ಬಂದು ನಕ್ಕೊಂಡು ಹೇಳೋನು, ಅಮ್ಮಾ, ನಾನೀಗ ಅಕ್ಷರಮಾಲೆ ಅಂತ. ನಾನು ನಗಲಿಲ್ಲ. ಕಂಬಳಿ ಹೊದ್ದು ನಿಮ್ಮ ಮೈದಾನದ ಮೆಟ್ಟಿಲ ಮೇಲೆ ಕೂತಿರ್ತಿದ್ದೆ, ಸುತ್ತ ಎಲ್ರೂ ನಗೋರು. ಈ ಮನುಷ್ಯನ ನಾಲಿಗೆ ಬಿದ್ದುಹೋಗ್ಲಿ ಅಂದಿದ್ದೆ ಒಂದ್ಸಲ. ಈಗ ಹೀಗಾಗಿದೆ ಅಂತ ಕೇಳಿ ಪಾದ್ರಿ ಹತ್ರ ಹೋಗಿ ತಪ್ಪೊಪ್ಪಿಕೊಂಡು ಬಂದೆ.’

‘ಡಾಕ್ಟರು ಸಿಗರೇಟು ಅಂದ್ರು, ಅಮ್ಮಾ.’

ಸ್ಟೆಫಾನಿಯಳ ತುಟಿ ಒಂದಿಷ್ಟು ಅಲುಗಿತು. ‘ಹಾಗಾದ್ರೆ ನಂದು ಅರ್ಧ, ಸಿಗರೇಟಿಂದು ಅರ್ಧ. ಸರಿ, ಈಗ ಹೇಳು. ಮೊದಲು ಪ್ಶಿ. ಮಲಗಿರೋ ಮಗು ಹತ್ರ ಯಾರಾದ್ರೂ ಗಲಾಟೆ ಮಾಡಿದ್ರೆ ಶ್ ಅಂತೀವಲ್ಲ, ಅದರ ಮುಂದೆ ಒಂದು ಪ್. ಅಷ್ಟೇ.’

‘ಪಿಶಿ.’

‘ಬೆಕ್ಕು ಕರೀಬೇಡ. ತುಟಿ ಮುಚ್ಚು. ಪ್ಶಿ.’

ಹೆಸರು ನಾಲಿಗೆಗೆ ಹತ್ತುವವರೆಗೂ ಆಕೆ ಬಿಡಲಿಲ್ಲ. ಹತ್ತಿದ ಮೇಲೆ ಆರ್ಡಿಸ್ ಚೀಲದಿಂದ ಈ ವರ್ಷದ ಫ್ಲೋರಿಯನ್ ತಂಡದ ಹಾಳೆ ತೆಗೆದಳು. ‘ಇವರದ್ದೂ ಹೇಳಿಕೊಡ್ತೀರಾ?’

ಮನೆಗೆ ಬಂದು ವಿಷಯ ತಿಳಿಸಿದಾಗ ನೆಲ್ಸ್ ಸ್ಲೇಟಿನ ಮೇಲೆ ಬಳಪ ಒತ್ತಿ ಬರೆದ: ‘ಸತ್ತವನಿಗೆ ಸರಿ. ಮಿಕ್ಕವರಿಗೆ ಬೇಡ. ಇದು ಆಟದ ಮಜಾ.’

‘ಮಜಾ ನಮಗೆ, ಅಪ್ಪ. ಮೆಟ್ಟಿಲ ಮೇಲೆ ಅವನ ತಾಯಿ ಕೂತಿದ್ರು.’

ಅವನು ಸ್ಲೇಟು ಒರೆಸಿ ಮಗ್ಗುಲಿಗಿಟ್ಟ.

ಶನಿವಾರ ಮೋಡ ಕವಿದಿತ್ತು. ಆರ್ಡಿಸ್ ಮೂರು ಹೆಸರು ಓದಿದಳು. ಕೊನೆಯದನ್ನು ಓದಿದಾಗ ಆಚೆ ಬದಿಯ ಮೆಟ್ಟಿಲುಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೋಪಿ ತೆಗೆಯದೆ ನಿಂತಿದ್ದವರೂ ತೆಗೆದರು. ಆಮೇಲೆ ಆಟ ಶುರುವಾಯಿತು.

ಈಗ ದುರ್ಬೀನು ನೆಲ್ಸ್‌ನ ಕೈಯಲ್ಲಿ, ಹಲಗೆಯ ಮೇಲೆ ಅವನ ಬೆರಳು. ಫ್ಲೋರಿಯನ್‌ನವನೊಬ್ಬ ಚೆಂಡು ಹಿಡಿದು ಮೊದಲ ಸಲ ಓಡಿದಾಗ ಆರ್ಡಿಸ್ ಅವನ ಹೆಸರನ್ನು ನೆಟ್ಟಗೆ ಹೇಳಿದಳು. ನೆಲ್ಸ್ ಬೆರಳು ಹಿಂದಕ್ಕೆಳೆದುಕೊಂಡ. ಎರಡೂ ಕೈ ತೊಡೆಯ ಮೇಲಿಟ್ಟು ಗೋಡೆ ನೋಡುತ್ತ ಕೂತುಬಿಟ್ಟ. ಆರ್ಡಿಸ್ ಬರಿಗಣ್ಣಿನಲ್ಲಿ ನೋಡಿ ಹೇಳಬೇಕಾಯಿತು. ಮಳೆ ಹನಿದು ಅಂಗಿಗಳೆಲ್ಲ ಕೆಸರಾದವು, ಒಬ್ಬನ ಓಟ ಇನ್ನೊಬ್ಬನ ಲೆಕ್ಕಕ್ಕೆ ಹೋಯಿತು. ಕೆಳಗಿನಿಂದ ಟೊರ್ವಿಕ್‌ನವನೊಬ್ಬ ಗೂಡಿನ ಹಲಗೆ ಗುದ್ದಿದ. ‘ಏನಮ್ಮಾ, ಅವರ ಹೆಸರು ಬಾಯಿಪಾಠ, ನಮ್ಮವರ ಹೆಸರು ಮರೆತುಹೋಯ್ತಾ? ನೀನು ಯಾರ ಕಡೆ?’

ಆರ್ಡಿಸ್ ಅಪ್ಪನ ಕಡೆ ತಿರುಗಿದಳು, ಬೇಡಲಿಲ್ಲ. ಮತ್ತೆ ಮೈಕಿಗೆ ಬಾಯಿಟ್ಟು ಇನ್ನೊಂದು ತಪ್ಪು ಹೇಳಿದಳು: ಚೆಂಡು ಕಸಿದವನು ಟೊರ್ವಿಕ್‌ನ ಹುಡುಗ, ಹೇಳಿದ್ದು ಎದುರಾಳಿಯ ಹೆಸರು. ಮೈದಾನ ಬೊಬ್ಬೆಯಿಟ್ಟಿತು. ಆ ಗೂಡಿನಿಂದ ಅಂಥ ತಪ್ಪು ಹೊರಬಿದ್ದದ್ದನ್ನು ನೆಲ್ಸ್ ಸಹಿಸಲಾರದೆ ಹೋದ. ದುರ್ಬೀನು ಎತ್ತಿಕೊಂಡ, ಹಲಗೆಯನ್ನು ತನ್ನತ್ತ ಎಳೆದುಕೊಂಡ, ಸರಿಯಾದ ಹೆಸರಿನ ಮೇಲೆ ಬೆರಳಿನಿಂದ ಟಕ್ಕೆಂದು ಬಡಿದ. ಅಲ್ಲಿಂದ ಕೊನೆಯವರೆಗೂ ಆ ಬೆರಳು ಯಾರ ಹೆಸರಿಗೂ ಭೇದ ಮಾಡಲಿಲ್ಲ. ಟೊರ್ವಿಕ್ ಸೋತಿತು. ಕೆಂಪು ಬಣ್ಣದ ಡಬ್ಬ ಹಿಡಿದೇ ಬಂದಿದ್ದ ಫ್ಲೋರಿಯನ್ ಹುಡುಗರು ಮೈದಾನದ ನಡುವೆಯೇ ಕ್ಯಾನಿಗೆ ಬಳಿಯತೊಡಗಿದರು.

ಗೂಡಿನ ಏಣಿಯ ಕೆಳಗೆ ಸ್ಟೆಫಾನಿಯ ಕಾಯುತ್ತಿದ್ದಳು. ಆರ್ಡಿಸ್‌ಳ ಕೈ ಹಿಡಿದುಕೊಂಡು, ‘ಎರಡನೇ ಅರ್ಧದಲ್ಲಿ ಒಬ್ಬನ ಹೆಸರು ಕೆಡಿಸಿದೆ. ಪರವಾಗಿಲ್ಲ, ಅವನು ಕೆಟ್ಟದಾಗೇ ಆಡ್ದ’ ಎಂದಳು. ಹಿಂದೆ ನೆಲ್ಸ್ ಇಳಿದು ಬಂದ. ಸ್ಲೇಟು ಮೇಲೆಯೇ ಉಳಿದಿತ್ತು. ಟೋಪಿ ತೆಗೆದು ಆಕೆಯ ಮುಂದೆ ನಿಂತು ಬಾಯಿ ತೆರೆದ. ಧ್ವನಿಪೆಟ್ಟಿಗೆಯಿಲ್ಲದವನಿಗೂ ಆ ಹೆಸರಿನ ಮೊದಲ ತುಣುಕು ದಕ್ಕುತ್ತಿತ್ತು. ಅದಕ್ಕೆ ತುಟಿಯೂ ನಾಲಿಗೆಯೂ ಇದ್ದರೆ ಸಾಕು.

‘ಪ್ಶ್’ ಎಂದ. ಮುಂದಕ್ಕೆ ಬರಲಿಲ್ಲ.

‘ಇಬಿಲ್ಸ್ಕಿ’ ಎಂದು ಸ್ಟೆಫಾನಿಯ ಮುಗಿಸಿದಳು. ‘ಅಷ್ಟು ಸಾಕು. ಮಳೆಯಲ್ಲಿ ನಿಲ್ಲಬೇಡಿ, ಗಂಟಲಿಗೆ ಆಗಲ್ಲ.’

ಮರುವರ್ಷ ಪಂದ್ಯ ಆಚೆ ದಡದಲ್ಲಿ. ಕಸಾಯಿ ಅಲೋಯ್ಸ್ ಮೊದಲರ್ಧವೆಲ್ಲ ಹಳೆಯ ಚಾಳಿಯಂತೆ ಓಲೆ ಎಂದೇ ನಡೆಸಿದ. ಬಿಡುವಿನಲ್ಲಿ ಸ್ಟೆಫಾನಿಯ ಎದ್ದು ಅವನ ಗೂಡು ಹತ್ತಿದ್ದನ್ನು ಎಲ್ಲರೂ ನೋಡಿದರು. ಒಳಗೆ ಏನು ಮಾತಾಯಿತೋ, ಬಿಡುವಿನ ನಂತರ ಗುನ್ನಾರ್, ಥೋರ್ವಾಲ್ಡ್, ಹಾಕೊನ್ ಎಂದು ಅಲೋಯ್ಸ್ ಎಡವುತ್ತ, ಬೆವರುತ್ತ ಎಲ್ಲರನ್ನೂ ಹೆಸರಿಟ್ಟು ಕರೆದ. ನೀಲಿಯವರು ಚಪ್ಪಾಳೆ ತಟ್ಟಿ ಅವನನ್ನೇ ‘ಓಲೆ, ಓಲೆ’ ಎಂದು ಕೂಗಿದರು.

ಜಗಳವೇನೂ ನಿಲ್ಲಲಿಲ್ಲ. ಕ್ಯಾನು ಮತ್ತೆ ಕಳುವಾಯಿತು, ಒಮ್ಮೆ ಸೇತುವೆಯ ಮೇಲೆ ಕ್ಯಾಬೇಜಿನ ಮಳೆಯೇ ಆಯಿತು. ಒಂಬತ್ತು ವರ್ಷ ಅಪ್ಪ ಮಗಳ ಪಕ್ಕದಲ್ಲಿ ಕೂತ. ಅವನು ತೀರಿದಾಗ ಶವಪೆಟ್ಟಿಗೆ ಹೊತ್ತವರಲ್ಲಿ ಅಲೋಯ್ಸ್ ಒಬ್ಬ. ಆರ್ಡಿಸ್ ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು, ಟೆಲಿಫೋನ್ ಕಚೇರಿ ಮುಚ್ಚಿದ ಮೇಲೆ ಕಾಲೇಜಿನ ಗ್ರಂಥಾಲಯ ಸೇರಿದಳು. ಮೈಕು ಬಿಡಲಿಲ್ಲ. ಪ್ರತಿ ಆಗಸ್ಟಿನಲ್ಲಿ ಎರಡೂ ತಂಡದ ಹೊಸ ಹುಡುಗರ ತಾಯಂದಿರಿಗೆ ಫೋನು ಮಾಡಿ, ‘ನಿಮ್ಮ ಮನೇಲಿ ಅವನನ್ನ ಹೇಗೆ ಕರೀತೀರಿ?’ ಎಂದು ಕೇಳುವಳು.

ಬರಬರುತ್ತ ದಡಗಳೆರಡರಲ್ಲೂ ಬೇರೆ ಬೇರೆ ದೇಶದ ಹೆಸರುಗಳು ಬಂದವು. ಈಚೆಗೆ, ಅವಳಿಗೆ ಅರವತ್ತು ದಾಟಿದ ಮೇಲೆ, ಸೊಮಾಲಿಯಾದಿಂದ ಬಂದ ಕುಟುಂಬದ ಹುಡುಗನೊಬ್ಬ ಟೊರ್ವಿಕ್ ಸೇರಿದ. ಅವನ ತಾಯಿ ಫೋನಿನಲ್ಲಿ, ‘ಅಬ್ದಿ ಅಂದ್ರೆ ಸಾಕಮ್ಮ, ಸ್ಕೂಲಲ್ಲೂ ಹಾಗೇ ಅಂತಿದ್ರು, ನಿಮಗ್ಯಾಕೆ ಕಷ್ಟ’ ಎಂದಳು.

‘ಕಷ್ಟ ನನಗಿರಲಿ. ನೀವು ಪೂರ್ತಿ ಹೇಳಿ, ಆತುರ ಇಲ್ಲ’ ಎಂದು ಆರ್ಡಿಸ್ ಕುರ್ಚಿ ಎಳೆದುಕೊಂಡು ಕೂತಳು.