ಶೊರ್ನೂರು ಬರುವ ಮುನ್ನ

ಕೋವಿಡ್ ಕಾಲ ಮುಗಿದು ಕಚೇರಿಗಳು ಮತ್ತೆ ತೆರೆದುಕೊಂಡ ವರ್ಷ. ಓಣಂ ರಜೆಯ ಹಿಂದಿನ ದಿನ ನಾನು ತಿರುವನಂತಪುರದ ಒಂದು ಕಚೇರಿಯ ಸರ್ವರ್ ಕೋಣೆಯಲ್ಲಿ, ಎಸಿಯ ಚಳಿಗೆ ಬೇರೆಯವರ ಶಾಲು ಹೊದ್ದು ನಡುಗುತ್ತ ಕೂತಿದ್ದೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ದಿನದ ಪುಟದಲ್ಲಿ ‘ಆಯಿತು. ಸುಸ್ತು’ ಎಂದಷ್ಟೇ ಇದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ.

ನನ್ನೂರು ಹುಬ್ಬಳ್ಳಿ, ಕೆಲಸ ಕೊಚ್ಚಿಯ ಐಟಿ ಪಾರ್ಕಿನಲ್ಲಿ. ನಮ್ಮ ತಂಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಹನೀಫ್ ಒಬ್ಬನೇ. ಕಾಸರಗೋಡಿನ ಆಚೆ ಉಪ್ಪಳದವನು, ಮನೆಯಲ್ಲಿ ಬ್ಯಾರಿ ಮಾತು, ಓದಿದ್ದು ಕನ್ನಡ ಶಾಲೆಯಲ್ಲಿ. ನನಗಿಂತ ಚಿಕ್ಕವನಾದ್ದರಿಂದ ಅಕ್ಕ ಅನ್ನುತ್ತಿದ್ದ.

ತಿರುವನಂತಪುರದ ಕೆಲಸ ನಿಜವಾಗಿ ಅವನದು. ಅಲ್ಲಿನ ಹಳೆಯ ಯುನಿಕ್ಸ್ ಯಂತ್ರದಲ್ಲಿ ಪೈಥಾನ್ ಭಾಷೆಯನ್ನು ಕೂರಿಸಬೇಕಿತ್ತು. ಮಾಮೂಲಿ ಕಂಪ್ಯೂಟರಿಗಾದರೆ ಅದು ಸಿದ್ಧವಾಗಿಯೇ ಸಿಗುತ್ತದೆ. ಆದರೆ ಇದು ಒಂದು ಕಂಪನಿ ದುಡ್ಡಿಗೆ ಮಾರುವ, ಅದರದೇ ಯುನಿಕ್ಸ್. ನಮಗೆ ಬೇಕಾದ ಪೈಥಾನ್ ಅದಕ್ಕೆ ಸಿದ್ಧವಿರಲಿಲ್ಲ. ಮೂಲ ಕೋಡ್ ತಂದು ಅಲ್ಲೇ ಕಂಪೈಲ್ ಮಾಡಬೇಕು. ಅಂಗಡಿಯಲ್ಲಿ ಹಿಟ್ಟು ಸಿಗದೆ, ಜೋಳ ತಂದು ಮನೆಯಲ್ಲೇ ಬೀಸಿದ ಹಾಗೆ.

ಆದರೆ ಮರುದಿನ ಉಪ್ಪಳದಲ್ಲಿ ಹನೀಫನ ತಂಗಿಯ ನಿಕಾಹ್. ತಂದೆ ತೀರಿಕೊಂಡಿದ್ದರು. ತಂಗಿಯನ್ನು ಒಪ್ಪಿಸಿಕೊಡಬೇಕಾದವನು ಅವನೇ. “ನೀ ಹೋಗೋ, ನಾ ನೋಡ್ಕೊಂತೇನಿ” ಎಂದು ನಾನೇ ಮುಂದೆ ಬಿದ್ದೆ. ಮ್ಯಾನೇಜರ್ ಒಂದು ಷರತ್ತು ಹಾಕಿದರು. ನನ್ನಿಂದ ಆಗದಿದ್ದರೆ ಹನೀಫ್ ವಾಪಸ್ ಬಂದು ಮುಗಿಸಬೇಕು, ರಜೆಯಲ್ಲಿ ಆ ಯಂತ್ರ ವರದಿಗಳನ್ನು ತಯಾರಿಸಲೇಬೇಕು.

ಮಧ್ಯಾಹ್ನ ಅವನು ಆಲುವದಲ್ಲಿ ಟ್ರೈನ್ ಹತ್ತಿ ಫೋನ್ ಮಾಡಿದ. “ಶೊರ್ನೂರಿನವರೆಗೆ ನೋಡುವಾ ಅಕ್ಕ. ಅಲ್ಲಿ ಇಳಿದ್ರೆ ತಿರುಗಿ ಬರ್ಲಿಕ್ಕೆ ಟ್ರೈನ್ ಉಂಟು. ಅಲ್ಲಿಂದ ಮುಂದೆ ಹೋದ್ರೆ ಕಷ್ಟ.”

ಇದನ್ನೆಲ್ಲ ನಾನು ಶ್ರೀಲತಾ ಚೇಚಿಗೆ, ಅಂದರೆ ಶ್ರೀಲತಾ ಅಕ್ಕನಿಗೆ, ಹೇಳಿಬಿಟ್ಟಿದ್ದೆ. ಸರ್ವರ್ ಕೋಣೆಯ ಉಸ್ತುವಾರಿ ಅವರದು, ನಾನು ಹೊದ್ದಿದ್ದ ಶಾಲೂ ಅವರದೇ. ಹೊರಗೆ ಹೂವಿನ ರಂಗೋಲಿ, ಓಣಂ ಊಟದ ಗದ್ದಲ. ಅವರು ಮಾತ್ರ ಜರಿ ಅಂಚಿನ ಬಿಳಿ ಸೀರೆಯಲ್ಲೇ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಮೊಬೈಲಿನಲ್ಲಿ ಹನೀಫನ ಟ್ರೈನ್ ಎಲ್ಲಿದೆ ಎಂದು ನೋಡತೊಡಗಿದರು. ಅವರು ಆಡಿದ್ದು ಮಲಯಾಳಂ. ಮಗಳೇ ಎನ್ನುವ ಅವರ ‘ಮೋಳೆ’ಯೊಂದನ್ನು ಬಿಟ್ಟು ನನಗೆ ಈಗ ಎಲ್ಲವೂ ಕನ್ನಡದಲ್ಲೇ ನೆನಪಿದೆ.

“ಅಂಗಮಾಲಿ ಬಿಟ್ಟಿತು” ಎಂದರು.

ಅದೇ ಹೊತ್ತಿಗೆ ಪರದೆಯ ಮೇಲೆ ಸರಸರ ಓಡುತ್ತಿದ್ದ ಸಾಲುಗಳು ನಿಂತವು. ಪೈಥಾನ್ ಸಿಗುತ್ತಿಲ್ಲವಂತೆ! ಪೈಥಾನ್ ಕಟ್ಟಲು ಯಂತ್ರ ಪೈಥಾನನ್ನೇ ಕೇಳುತ್ತಿತ್ತು. ಮೊದಲಿನಿಂದ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತಿತು. ಹನೀಫನಿಗೆ ಫೋನ್ ಮಾಡಿದೆ.

“ಎಂತ ಅಕ್ಕ, ಕೋಳಿ ಸಾಕ್ಲಿಕ್ಕೆ ಹೋದವಳ ಹತ್ರ ಕೋಳಿಸಾರು ಕೇಳ್ತಾ ಉಂಟಾ ಅದು?”

“ನಗಬ್ಯಾಡೋ. ಇಲ್ಲಿ ನನ್ನ ಜೀವ ಹೋಗಾಕತ್ತೈತಿ.”

“ಕೋಡಿನ ಗಂಟು ಎಲ್ಲಿ ಬಿಚ್ಚಿದ್ದು?”

“ಲ್ಯಾಪ್‌ಟಾಪಿನ್ಯಾಗ. ಈ ಮಷಿನ್ನಿಗೆ ಉದ್ದ ಹೆಸರಿನ ಫೈಲ್ ಬಿಚ್ಚಾಕ ಬರಂಗಿಲ್ಲ. ಬಿಚ್ಚಿ, ಕಾಪಿ ಮಾಡಿ ಹಾಕೇನಿ.”

“ಹಾಗಾದ್ರೆ ಫೈಲುಗಳ ಟೈಮ್ ನೋಡಿ. ಕಾಪಿ ಮಾಡುವಾಗ…” ಅಷ್ಟಕ್ಕೆ ಸಿಗ್ನಲ್ ಹೋಯಿತು. ಎಷ್ಟು ಸಲ ಮಾಡಿದರೂ ಸಿಗಲಿಲ್ಲ.

“ಚಾಲಕ್ಕುಡಿ” ಎಂದರು ಚೇಚಿ. ಎದ್ದು ಹೋಗಿ ಲೋಟದಲ್ಲಿ ಪಾಯಸ ತಂದು ಬಾಗಿಲಾಚೆಗೆ ಕರೆದರು. “ಕುಡಿ ಮೋಳೆ. ಖಾಲಿ ಹೊಟ್ಟೆಗೆ ತಲೆ ಓಡೋದಿಲ್ಲ. ನಮ್ಮ ಟ್ರೈನಿನ ಮೇಲೆ ನಂಬಿಕೆ ಇಡು. ಅದು ಹೇಳಿದ ಹೊತ್ತಿಗೆ ಹೋದದ್ದೇ ಇಲ್ಲ.”

ಆ ಪಾಯಸ ಕುಡಿಯುತ್ತ ನಿಂತಾಗ ಹೊಳೆಯಿತು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಕತೆಗೆ ಚೆನ್ನಾಗಿ ಹೊಂದುತ್ತದೆ ಎಂದೇ ಹಾಗೆ ಹೇಳುತ್ತಿದ್ದೇನೋ ಏನೋ. ಹೊಳೆದದ್ದಂತೂ ನಿಜ. ಆ ಕೋಡಿನಲ್ಲಿ ಕೆಲವು ಫೈಲುಗಳನ್ನು ಬೇರೆ ಫೈಲುಗಳಿಂದ ಪೈಥಾನ್ ಬಳಸಿಯೇ ತಯಾರಿಸಿ ಇಟ್ಟಿರುತ್ತಾರೆ. ನಾನು ಕಾಪಿ ಮಾಡಿದಾಗ, ಫೈಲು ಯಾವಾಗ ತಯಾರಾಯಿತು ಎಂದು ತೋರಿಸುವ ಹೊತ್ತು ಎಲ್ಲದರಲ್ಲೂ ಹಿಂದುಮುಂದಾಗಿತ್ತು. ತಯಾರಾದ ಫೈಲು ಹಳತು, ಅದರ ಮೂಲ ಹೊಸತು. ಹಳಸಿದೆ ಎಂದುಕೊಂಡು ಯಂತ್ರ ಮತ್ತೆ ತಯಾರಿಸಲು ಹೊರಟಿತ್ತು, ಅದಕ್ಕೆ ಪೈಥಾನ್ ಬೇಕಿತ್ತು. ಫೈಲಿನ ಒಳಗಿನ ಒಂದಕ್ಷರವನ್ನೂ ಬದಲಿಸದೆ ಹೊತ್ತನ್ನು ಮಾತ್ರ ಈಗಿನದಾಗಿಸುವ ಪುಟ್ಟ ಕಮಾಂಡ್ ಒಂದಿದೆ. ತಯಾರಾಗಿದ್ದ ಫೈಲುಗಳಿಗೆಲ್ಲ ಅದನ್ನು ಕೊಟ್ಟೆ. ಸಾಲುಗಳು ಮತ್ತೆ ಓಡಿದವು. ನಿಂತಿದ್ದ ಜಾಗ ದಾಟಿದವು.

ಆದರೆ ಮುದಿ ಯಂತ್ರ. ಒಂದೊಂದು ಫೈಲಿಗೂ ಯೋಚಿಸಿ ಯೋಚಿಸಿ ಮುಂದೆ ಹೋಗುತ್ತಿತ್ತು.

“ತೃಶ್ಶೂರ್.”

ನಾನು ಪರದೆಯ ಸಾಲುಗಳನ್ನು ಎಣಿಸುತ್ತಿದ್ದೆ.

“ವಡಕ್ಕಾಂಚೇರಿ.” ಈಗ ಚೇಚಿಯ ದನಿಯೂ ಸಣ್ಣಗಾಗಿತ್ತು. ಆಮೇಲೆ ಒಮ್ಮೆಲೇ ನನ್ನ ಮೊಣಕೈ ಹಿಡಿದರು. “ಮೋಳೆ, ಶೊರ್ನೂರಿನ ಹೊರಗೆ ನಿಂತಿದೆ. ಒಳಗೆ ಬಿಟ್ಟಿಲ್ಲ!”

“ನಿಲ್ಲಲಿ ಚೇಚಿ, ಇನ್ನೂ ನಿಲ್ಲಲಿ” ಎಂದೆ. ಟ್ರೈನ್ ತಡವಾಗಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ.

ಕೊನೆಗೆ ಸಾಲುಗಳು ಮುಗಿದವು. ಹೊಸ ಪೈಥಾನನ್ನು ಕರೆದೆ. ಪರದೆಯಲ್ಲಿ, ಸಿದ್ಧವಿದ್ದೇನೆ ಎನ್ನುವ ಅದರ ಮೂರು ಬಾಣದ ಗುರುತುಗಳು ಮೂಡಿದವು. ಎರಡು ಕೂಡಿಸು ಎರಡು ಎಂದು ಕೇಳಿದೆ. ನಾಲ್ಕು ಎಂದಿತು. ಚೇಚಿ ಚಪ್ಪಾಳೆ ತಟ್ಟಿಬಿಟ್ಟರು.

ಈ ಸಲ ಫೋನ್ ಹತ್ತಿತು. “ಹನೀಫ್, ಆತೋ! ಇಳೀಬ್ಯಾಡ!”

ಆಚೆ ಬದಿ ಶೊರ್ನೂರು ಸ್ಟೇಷನ್ನಿನ ಗದ್ದಲ. ಚಾಯ ಮಾರುವವರ ಕೂಗು, ಜನರ ಸದ್ದು. ಆಮೇಲೆ ಅವನು ಯಾರನ್ನೋ ಅಣ್ಣಾ ಎಂದು ಮಲಯಾಳಂನಲ್ಲಿ ಕರೆದು ಹೇಳಿದ್ದು ಕೇಳಿಸಿತು: “ಚೇಟ್ಟಾ, ಸ್ವಲ್ಪ ಸರೀರಿ. ಅದು ನನ್ನ ಸೀಟು. ನಾನು ಇಳಿಯೋದಿಲ್ಲ.”

ಅಂದರೆ ಅವನು ಚೀಲ ಹಿಡಿದು ಬಾಗಿಲಿಗೆ ಬಂದಿದ್ದ.

ಹನೀಫ್ ಒಪ್ಪುವುದಿಲ್ಲ. “ಎಂತ ಸೀಟು? ನಾನು ಏಳ್ಲೇ ಇಲ್ಲ. ನೀವು ಮಾಡ್ತೀರಂತ ಗೊತ್ತಿತ್ತು” ಎನ್ನುತ್ತಾನೆ. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳುತ್ತಾನೋ, ಆ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ನಿಕಾಹ್‌ನ ಫೋಟೊದಲ್ಲಿ ವರನ ಎದುರು ಕೂತು ಅವನ ಕೈ ಹಿಡಿದಿರುವವನು ಹನೀಫ್. ಅಷ್ಟು ಮಾತ್ರ ಖಾತ್ರಿ.

ಈ ಓಣಂಗೆ ಶುಭಾಶಯ ಹೇಳಲು ಫೋನ್ ಮಾಡಿದಾಗ ಚೇಚಿಯನ್ನು ಕೇಳಿದೆ. ಅವರಾದರೂ ಪಕ್ಕದಲ್ಲೇ ಇದ್ದವರು.

“ಸೀಟಿನ ವಿಷಯ ನನಗೆ ಗೊತ್ತಿಲ್ಲ ಮೋಳೆ. ನೀನು ಫೋನ್ ಇಟ್ಟು, ನನ್ನ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತೆ. ಅದನ್ನು ಮನೆಗೆ ಒಯ್ದು ಒಗೆಯಬೇಕಾಯಿತು.”

ಅತ್ತ ನೆನಪು ನನಗೆ ಒಂದಿಷ್ಟೂ ಇಲ್ಲ. ಆದರೂ ಇದೊಂದನ್ನು ಅನುಮಾನಿಸಲು ನನಗೆ ಮನಸ್ಸು ಬಂದಿಲ್ಲ.